ನಾಯಿ ಏಕೆ ಕೆರೆದುಕೊಳ್ಳುತ್ತದೆ?

ನಾಯಿ ಮೈ ಕೆರೆದುಕೊಳ್ಳುವುದನ್ನು ಕಾಣದವರು ಯಾರೂ ಇರಲಾರರು. ಬಿಸಿಲಿಗೆ ಮಲಗಿದ್ದ ನಾಯಿ ಎದ್ದು ಕುಳಿತು, ಹಿಂಗಾಲನ್ನೆತ್ತಿ ಕಿವಿಯ ಹಿಂಬದಿಯನ್ನು ನಾಲ್ಕಾರು ಬಾರಿ ಬರಬರನೆ ಕೆರೆದು, ಮೈ ಕೊಡವಿ ಮತ್ತೆ ಮಲಗಿದರೆ ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಇನ್ನೂ ವರ್ಷ ತುಂಬದ ನಾಯಿಯೊಂದು ಹಗಲೂ ಇರುಳೂ ಇದೇ ಕೆಲಸದಲ್ಲಿ ತೊಡಗಿರುವುದು, ಆಟದ ನಡುವೆ ತಟಕ್ಕನೆ ನಿಂತು ತೊಡೆಯನ್ನು ಕಚ್ಚಿಕೊಳ್ಳುವುದು, ಪಾದಗಳನ್ನು ನೆಕ್ಕಿ ನೆಕ್ಕಿ ಬಿಳಿಯ ರೋಮವನ್ನು ಕಂದುಬಣ್ಣಕ್ಕೆ ತಿರುಗಿಸುವುದು — ಇದು ಅಭ್ಯಾಸವಲ್ಲ, ರೋಗಲಕ್ಷಣ. ಅದಕ್ಕೂ ನಿದ್ರೆಯಿಲ್ಲ, ಮನೆಯವರಿಗೂ ನಿದ್ರೆಯಿಲ್ಲ. ಕೆಲವು ತಿಂಗಳು ಕಳೆಯುವುದರೊಳಗೆ ಚರ್ಮ ಕೆಂಪಡರುತ್ತದೆ, ರೋಮ ಉದುರುತ್ತದೆ, ಮೈಯಿಂದ ದುರ್ನಾತ ಬರುತ್ತದೆ. ಮಕ್ಕಳು ಮುದ್ದಿಸುತ್ತಿದ್ದ ಮರಿಯನ್ನು ಹಿತ್ತಲಿನಲ್ಲಿ ಕಟ್ಟುತ್ತಾರೆ. ಕೆಲವರು ಊರಾಚೆ ಬಿಟ್ಟು ಬರುವುದೂ ಉಂಟು. ಹೀಗೆ ಮನೆ ಕಳೆದುಕೊಳ್ಳುವ ನಾಯಿಗಳಲ್ಲಿ ಹಲವನ್ನು ತಕ್ಕ ಉಪಚಾರದಿಂದ ನೆಮ್ಮದಿಯಾಗಿ ಬಾಳಿಸಬಹುದಾಗಿತ್ತು ಎಂಬುದೇ ಈ ಲೇಖನಕ್ಕೆ ಕಾರಣ.

ಮೊದಲು ತುರಿಕೆ ಎಂದರೇನೆಂಬುದನ್ನು ನೋಡೋಣ. ಕೆರೆದುಕೊಳ್ಳಬೇಕೆಂಬ ಬಯಕೆಯನ್ನು ಹುಟ್ಟಿಸುವ ಅಹಿತವಾದ ಅನುಭವವೇ ತುರಿಕೆ ಎಂದು ೧೬೬೦ರಲ್ಲಿ ಸ್ಯಾಮ್ಯುಯಲ್ ಹಾಫೆನ್‌ರೆಫರ್ ಎಂಬ ಜರ್ಮನ್ ವೈದ್ಯನು ಹೇಳಿದನು. ಮೂರೂವರೆ ಶತಮಾನಗಳು ಕಳೆದರೂ ಇದಕ್ಕಿಂತ ಚೊಕ್ಕವಾದ ವ್ಯಾಖ್ಯೆ ಹುಟ್ಟಿಲ್ಲ. ತುರಿಕೆಯನ್ನು ಮೃದುವಾದ ನೋವೆಂದು ಬಹುಕಾಲ ತಿಳಿದಿದ್ದರು. ಅದು ಸರಿಯಲ್ಲ. ಬೆಂಕಿ ತಗಲಿದರೆ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತೇವೆ. ತುರಿಸಿದರೆ ಕೈಯನ್ನು ಆ ಸ್ಥಳಕ್ಕೇ ಒಯ್ಯುತ್ತೇವೆ. ನೋವು ನಮ್ಮನ್ನು ಓಡಿಸುತ್ತದೆ, ತುರಿಕೆ ಕರೆಯುತ್ತದೆ. ಚರ್ಮದ ಮೇಲೆ ಹರಿದಾಡುವ ಕೀಟವನ್ನು ಕೆರೆದು ಬಿಸಾಡಲು ಪ್ರಾಣಿಗಳಿಗೆ ಒದಗಿರುವ ಸಾಧನವಿದು. ತುರಿಕೆಯ ಸುದ್ದಿಯನ್ನು ಒಯ್ಯುವ ನರತಂತುಗಳು ಬಹುಮಟ್ಟಿಗೆ ಅತಿ ಸಣ್ಣವು. ಅವುಗಳಲ್ಲಿ ಸುದ್ದಿಯ ವೇಗ ಸೆಕೆಂಡಿಗೆ ಸುಮಾರು ೧ ಮೀಟರ್ ಮಾತ್ರ. ಎಂದರೆ, ದೊಡ್ಡ ನಾಯಿಯ ಹಿಂಗಾಲಿನ ಬೆರಳಿನಿಂದ ಬೆನ್ನುಹುರಿಯನ್ನು ಮುಟ್ಟಲು ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ನಾವು ನಡೆಯುವ ವೇಗವೂ ಅದಕ್ಕಿಂತ ಹೆಚ್ಚು!

ಕೆರೆದರೆ ಹಿತವಾಗುವುದೇಕೆ? ಕೆರೆತದಿಂದ ಸಣ್ಣ ನೋವು ಹುಟ್ಟುತ್ತದೆ. ಆ ನೋವಿನ ಸುದ್ದಿ ಬೆನ್ನುಹುರಿಯಲ್ಲಿ ತುರಿಕೆಯ ಸುದ್ದಿಯನ್ನು ಅಡಗಿಸುತ್ತದೆ. ಆದರೆ ಈ ಹಿತ ಕ್ಷಣಿಕವಾದುದು. ಉಗುರು ತಗಲಿದ ಚರ್ಮದ ಮೇಲ್ಪದರ ಒಡೆದು, ಒಳಗಿನ ಜೀವಕೋಶಗಳು ಉರಿಯೂತವನ್ನುಂಟುಮಾಡುವ ವಸ್ತುಗಳನ್ನು ಹೊರಸೂಸುತ್ತವೆ. ಅವು ನರತಂತುಗಳನ್ನು ಇನ್ನಷ್ಟು ಕೆರಳಿಸುತ್ತವೆ. ತುರಿಕೆಯಿಂದ ಕೆರೆತ, ಕೆರೆತದಿಂದ ತುರಿಕೆ. ನಾಯಿಯ ಚರ್ಮ ಇಂತಹ ಪೆಟ್ಟನ್ನು ತಾಳಲಾರದು. ಮನುಷ್ಯನ ಹೊರಚರ್ಮದಲ್ಲಿ ಹತ್ತು ಹದಿನೈದು ಪದರ ಜೀವಕೋಶಗಳಿದ್ದರೆ, ದಟ್ಟ ರೋಮದಡಿಯ ನಾಯಿಯ ಹೊರಚರ್ಮದಲ್ಲಿ ಇರುವುದು ಮೂರರಿಂದ ಐದು.

ಇನ್ನು ನಮ್ಮ ವಿಷಯಕ್ಕೆ ಮುಖ್ಯವಾದ ಒಂದು ಪ್ರಯೋಗ. ನಾಯಿಯ ಪಕ್ಕೆಯನ್ನು ತಿಕ್ಕಿದಾಗ ಅದರ ಹಿಂಗಾಲು ತಾನೇ ತಾನಾಗಿ ಗಾಳಿಯಲ್ಲಿ ಕೆರೆಯತೊಡಗುವುದನ್ನು ವಾಚಕರು ನೋಡಿರಬಹುದು. ಈ ಪ್ರತಿಕ್ರಿಯೆಯನ್ನು ಕ್ರಮವಾಗಿ ಅಭ್ಯಸಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಷೆರಿಂಗ್ಟನ್. ೧೯೩೨ರಲ್ಲಿ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡ ಈ ವಿಜ್ಞಾನಿ, ೧೯೦೬ರಲ್ಲಿ ಪ್ರಕಟವಾದ ನರಮಂಡಲವನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಸೂಕ್ಷ್ಮವಾದ ಸೂಜಿಯನ್ನು ನಾಯಿಯ ಚರ್ಮಕ್ಕೆ ಚುಚ್ಚಿ, ಅದರ ಮೂಲಕ ದುರ್ಬಲ ವಿದ್ಯುತ್ಪ್ರವಾಹವನ್ನು ಹರಿಸಿ, ಆ ಸಲಕರಣೆಯನ್ನು ಆತನು ‘ವಿದ್ಯುತ್ ಚಿಗಟ’ ಎಂದು ಕರೆದನು. ಮೆದುಳಿನ ಸಂಪರ್ಕ ಕಡಿದಿದ್ದರೂ, ಬೆನ್ನುಹುರಿಯೊಂದರ ಬಲದಿಂದಲೇ ಕಾಲು ಕೆರೆಯುತ್ತಿತ್ತು. ಚರ್ಮದ ಒಂದು ಬಿಂದುವಿಗೆ ಬಹು ಮಂದವಾದ ಪ್ರಚೋದನೆ ಕೊಟ್ಟರೆ ಕಾಲು ಅಲುಗದು. ಸಮೀಪದ ಇನ್ನೊಂದು ಬಿಂದುವಿಗೆ ಅಷ್ಟೇ ಮಂದವಾದ ಪ್ರಚೋದನೆ ಕೊಟ್ಟರೂ ಅಲುಗದು. ಎರಡನ್ನೂ ಒಟ್ಟಿಗೆ ಕೊಟ್ಟರೆ ಕೆರೆತ ಆರಂಭವಾಗುತ್ತದೆ! ಒಂಟಿಯಾಗಿ ಸೋತ ಪ್ರಚೋದನೆಗಳು ಕೂಡಿ ಗೆಲ್ಲುತ್ತವೆ.

ಷೆರಿಂಗ್ಟನ್ ಕಂಡದ್ದು ಬೆನ್ನುಹುರಿಯ ಪ್ರತಿಕ್ರಿಯೆಯನ್ನು. ಆದರೆ ಚರ್ಮರೋಗಗಳನ್ನು ನೋಡುವ ಪಶುವೈದ್ಯರು ರೋಗಿಯಾದ ನಾಯಿಯಲ್ಲಿಯೂ ಇದನ್ನು ಹೋಲುವ ಕೂಡಿಕೆಯನ್ನು ಕಂಡಿದ್ದಾರೆ. ಪ್ರತಿಯೊಂದು ನಾಯಿಗೂ ತುರಿಕೆಯ ಒಂದು ಹೊಸ್ತಿಲುಂಟು. ತುರಿಕೆಯ ಕಾರಣಗಳು ಒಂದರ ಮೇಲೊಂದು ಕೂಡಿ ಆ ಹೊಸ್ತಿಲನ್ನು ದಾಟಿದಾಗ ಮಾತ್ರ ನಾಯಿ ಕೆರೆಯತೊಡಗುತ್ತದೆ. ತಿಳಿವಳಿಕೆಗಾಗಿ ಅಂಕೆಗಳನ್ನು ಕಲ್ಪಿಸಿಕೊಳ್ಳೋಣ. ಹೊಸ್ತಿಲು ೧೦ ಇರಲಿ. ಚಿಗಟದ ಪಾಲು ೪, ಮನೆಯ ಧೂಳಿನದು ೫, ಚರ್ಮದ ಮೇಲಣ ಬೂಷ್ಟಿನದು ೪ ಇರಲಿ. ಮೊತ್ತ ೧೩, ನಾಯಿ ಕೆರೆಯುತ್ತದೆ. ಚಿಗಟವೊಂದನ್ನು ನಿವಾರಿಸಿದರೆ ಮೊತ್ತ ೯ಕ್ಕೆ ಇಳಿದು, ಧೂಳೂ ಬೂಷ್ಟೂ ಇದ್ದಂತೆಯೇ ಇದ್ದರೂ ನಾಯಿ ನೆಮ್ಮದಿಯಾಗಿ ಮಲಗುತ್ತದೆ. ಇದು ಅಳೆದು ಪಡೆದ ನಿಯಮವಲ್ಲ, ವೈದ್ಯರ ಅನುಭವದಿಂದ ಹುಟ್ಟಿದ ಒರಟು ಲೆಕ್ಕ. ಆದರೂ ಬಹಳ ಉಪಯುಕ್ತವಾದುದು. ಏಕೆಂದರೆ ಮನೆಮನೆಯಲ್ಲಿ ನಡೆಯುವ ಒಂದು ತರ್ಕದೋಷವನ್ನು ಅದು ಹೊರಗೆಡಹುತ್ತದೆ. ಮೇಲಣ ಉದಾಹರಣೆಯಲ್ಲಿ ಮೊತ್ತ ೧೩ರ ಬದಲು ೨೦ ಇದ್ದಿತೆನ್ನಿ. ಚಿಗಟ ಹೋದರೂ ೧೬ ಉಳಿಯುತ್ತದೆ. ನಾಯಿ ಮೊದಲಿನಂತೆಯೇ ಕೆರೆಯುತ್ತದೆ. ಆಗ ಮನೆಯವರು, ‘ಚಿಗಟದ ಔಷಧದಿಂದ ಪ್ರಯೋಜನವಾಗಲಿಲ್ಲ, ಆದುದರಿಂದ ಚಿಗಟ ಕಾರಣವಲ್ಲ’ ಎಂದು ಅದನ್ನು ಕೈಬಿಡುತ್ತಾರೆ. ಮುಂದಿನ ತಿಂಗಳು ಆಹಾರ ಬದಲಾಯಿಸುತ್ತಾರೆ. ಅಷ್ಟರಲ್ಲಿ ಚಿಗಟ ಮರಳಿ ಬಂದಿರುತ್ತದೆ. ಒಂದನ್ನು ಹಿಡಿದು ಒಂದನ್ನು ಬಿಡುವ ಈ ಓಟದಲ್ಲಿ ಮೊತ್ತ ಎಂದಿಗೂ ಇಳಿಯುವುದಿಲ್ಲ. ಒಂದು ಕಾರಣವನ್ನು ತೆಗೆದಮೇಲೂ ತುರಿಕೆ ಉಳಿದಿದೆಯೆಂಬ ಮಾತ್ರಕ್ಕೆ ಆ ಕಾರಣ ನಿರಪರಾಧಿ ಎಂದು ಹೇಳುವಂತಿಲ್ಲ. ತೆಗೆದುದನ್ನು ತೆಗೆದಂತೆಯೇ ಇಟ್ಟುಕೊಂಡು ಮುಂದಿನದಕ್ಕೆ ಕೈಹಾಕಬೇಕು.

ಮೊದಲನೆಯ ಸರದಿ ಪರೋಪಜೀವಿಗಳದು. ಇವುಗಳಲ್ಲಿ ಚಿಗಟವೇ ಪ್ರಧಾನ. ಅದರ ಜೊಲ್ಲು ಒಗ್ಗದ ನಾಯಿಗೆ ಕೆಲವೇ ಕಡಿತಗಳು ಸಾಕು, ದಿನಗಟ್ಟಲೆ ತುರಿಸುತ್ತದೆ. ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗ ಇವು ಅದರ ಗುರುತಿನ ಸ್ಥಳಗಳು. ‘ನಮ್ಮ ನಾಯಿಯ ಮೇಲೆ ಒಂದು ಚಿಗಟವನ್ನೂ ಕಂಡಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ, ಏಕೆಂದರೆ ಸದಾ ಕಚ್ಚಿ ನೆಕ್ಕುವ ನಾಯಿ ಅವನ್ನು ತಾನೇ ನುಂಗಿಬಿಟ್ಟಿರುತ್ತದೆ. ಹೆಣ್ಣು ಚಿಗಟ ದಿನಕ್ಕೆ ನಲವತ್ತು ಐವತ್ತು ಮೊಟ್ಟೆಗಳನ್ನಿಡಬಲ್ಲುದು. ಅವು ನುಣುಪಾಗಿರುವುದರಿಂದ ರೋಮದಿಂದ ಜಾರಿ, ನಾಯಿ ಮಲಗುವಲ್ಲೆಲ್ಲ ಉದುರುತ್ತವೆ. ಮರಿಹುಳು ನೆಲದ ಬಿರುಕುಗಳಲ್ಲಿ ಬೆಳೆದು ಗೂಡು ಕಟ್ಟುತ್ತದೆ; ಗೂಡಿನೊಳಗೆ ತಿಂಗಳುಗಟ್ಟಲೆ ಕಾದಿದ್ದು, ಹತ್ತಿರದಲ್ಲಿ ಪ್ರಾಣಿಯ ಓಡಾಟದ ಕಂಪನ, ಮೈಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಕಿದೊಡನೆ ಹೊರಬೀಳುತ್ತದೆ. ಆದಕಾರಣ ನಾಯಿಗೆ ಮಾತ್ರ ಔಷಧ ಹಾಕಿ ಮನೆಯನ್ನು ಮರೆತರೆ ಕೆಲಸ ಅರ್ಧವೂ ಆಗಲಿಲ್ಲ. ಹಾಸುಗಳನ್ನು ಒಗೆಯಬೇಕು, ಸಂದುಗೊಂದುಗಳನ್ನು ಗುಡಿಸಬೇಕು, ಮನೆಯಲ್ಲಿರುವ ಎಲ್ಲ ನಾಯಿಬೆಕ್ಕುಗಳಿಗೂ ಏಕಕಾಲದಲ್ಲಿ ಚಿಕಿತ್ಸೆ ನಡೆಸಬೇಕು. ಒಂದು ಎಚ್ಚರಿಕೆ: ನಾಯಿಗೆ ಹಾಕುವ ಪರ್ಮೆತ್ರಿನ್ ಬೆಕ್ಕಿಗೆ ಮಾರಕವಾದ ವಿಷ.

ಕಜ್ಜಿಯನ್ನುಂಟುಮಾಡುವ ಸಾರ್ಕಾಪ್ಟಿಸ್ ಎಂಬ ನುಸಿ ಮತ್ತೊಂದು ಶತ್ರು. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಈ ಜೀವಿ ಹೊರಚರ್ಮದಲ್ಲಿ ಸುರಂಗ ಕೊರೆಯುತ್ತದೆ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಿಣ್ಣು ಇವು ಅದರ ನೆಲೆ. ಕಿವಿಯ ಅಂಚನ್ನು ಬೆರಳಿನಿಂದ ಮಡಿಸಿ ಉಜ್ಜಿದೊಡನೆ ಹಿಂಗಾಲು ಕೆರೆಯತೊಡಗಿದರೆ ಈ ನುಸಿಯನ್ನು ಬಲವಾಗಿ ಶಂಕಿಸಬೇಕು. ಚರ್ಮವನ್ನು ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಅದು ಅನೇಕ ವೇಳೆ ಸಿಕ್ಕುವುದಿಲ್ಲವಾದ್ದರಿಂದ ವೈದ್ಯರು ಅನುಮಾನದ ಮೇಲೆಯೇ ಔಷಧ ಕೊಡುವುದುಂಟು. ಮನೆಯವರ ಮೈಮೇಲೆಯೂ ತುರಿಸುವ ಗುಳ್ಳೆಗಳೆದ್ದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ರೋಮದ ಬುಡದಲ್ಲಿ ವಾಸಿಸುತ್ತದೆ. ಮೊಲೆಯುಣ್ಣುವ ಮೊದಲ ದಿನಗಳಲ್ಲಿಯೇ ತಾಯಿಯಿಂದ ಮರಿಗೆ ಬರುವ ಇದು ಆರೋಗ್ಯವಂತ ನಾಯಿಯಲ್ಲಿ ಸುಮ್ಮನಿರುತ್ತದೆ. ಎಳೆಯ ನಾಯಿಯಲ್ಲಿ ಇದರಿಂದ ಒಂದೆರಡು ಬೋಳು ಮಚ್ಚೆಗಳಾದರೆ ಹಲವು ವೇಳೆ ತಾನಾಗಿ ಮಾಯುತ್ತವೆ. ಆದರೆ ಪರೀಕ್ಷೆಯಿಲ್ಲದೆ ಸ್ಟೀರಾಯ್ಡ್ ಕೊಟ್ಟರೆ ಮೈಯೆಲ್ಲ ಹರಡಬಹುದು.

ನುಸಿಗಳ ಮೇಲೆ ಪ್ರಯೋಗಿಸುವ ಐವರ್‌ಮೆಕ್ಟಿನ್ ಔಷಧವನ್ನು ಕಂಡುಹಿಡಿದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಷಿ ಓಮುರಾ ಅವರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು. ಇಂತಹ ಹೆಸರಾಂತ ಔಷಧವೂ ಕಾಲಿ ಮೊದಲಾದ ಕೆಲವು ಕುರಿನಾಯಿ ತಳಿಗಳ ಮೆದುಳಿಗೆ ವಿಷವಾಗಬಹುದು. ರಕ್ತದಿಂದ ಮೆದುಳಿಗೆ ಔಷಧ ನುಗ್ಗದಂತೆ ಕಾಯುವ ಒಂದು ಪ್ರೋಟೀನು ಅವುಗಳಲ್ಲಿ ಹುಟ್ಟಿನಿಂದಲೇ ದೋಷಯುಕ್ತವಾಗಿರುತ್ತದೆ. ಅಂಗಡಿಯಿಂದ ತಂದು ಅಂದಾಜಿನ ಮೇಲೆ ಚುಚ್ಚತಕ್ಕ ವಸ್ತುವಲ್ಲ ಇದು. ಇನ್ನು ಸೀಮೆಎಣ್ಣೆ, ವಾಹನಗಳಿಂದ ತೆಗೆದ ಸುಟ್ಟ ಎಣ್ಣೆ ಇವುಗಳನ್ನು ನಾಯಿಯ ಮೈಗೆ ಬಳಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಇದು ಚಿಕಿತ್ಸೆಯಲ್ಲ, ಹಿಂಸೆ. ಅವು ಚರ್ಮವನ್ನು ಸುಡುತ್ತವೆ. ನಾಯಿ ಮೈ ನೆಕ್ಕುವುದರಿಂದ ಹೊಟ್ಟೆಯನ್ನೂ ಸೇರುತ್ತವೆ.

ಎರಡನೆಯದು ಸೂಕ್ಷ್ಮಜೀವಿಗಳ ಪಾಲು. ಕೆರೆದು ಗಾಯವಾದ ಚರ್ಮದಲ್ಲಿ ಬ್ಯಾಕ್ಟೀರಿಯಗಳೂ ಮಲಾಸೀಜಿಯ ಎಂಬ ಬೂಷ್ಟೂ ಬೆಳೆಯುತ್ತವೆ. ಕೀವುಗುಳ್ಳೆ, ಉಂಗುರಾಕಾರದ ಹೊಪ್ಪಳೆ, ಜಿಡ್ಡು, ಕಮಟುವಾಸನೆ ಇವು ಅವುಗಳ ಚಿಹ್ನೆ. ಇವು ಮೂಲರೋಗದ ಫಲವಾದರೂ ತುರಿಕೆಯ ಮೊತ್ತಕ್ಕೆ ದೊಡ್ಡ ಪಾಲನ್ನು ಸೇರಿಸುತ್ತವೆ. ಪಾರದರ್ಶಕವಾದ ಅಂಟುಪಟ್ಟಿಯನ್ನು ಚರ್ಮಕ್ಕೊತ್ತಿ ತೆಗೆದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಉತ್ತರ ದೊರೆಯುತ್ತದೆ. ಇಷ್ಟು ಅಗ್ಗವಾದ ಪರೀಕ್ಷೆಯನ್ನು ಬಿಟ್ಟು ದುಬಾರಿ ರಕ್ತಪರೀಕ್ಷೆಗಳಿಗೆ ಓಡುವುದು ಜಾಣತನವಲ್ಲ.

ಮೂರನೆಯದು ಆಹಾರ. ನಾಯಿಗಳಿಗೆ ಒಗ್ಗದ ಆಹಾರಗಳಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಕೋಳಿಮಾಂಸ, ಗೋಧಿ ಇವು ಮುಖ್ಯವೆಂದು ಕಂಡುಬಂದಿದೆ. ಹೊಸ ತಿಂಡಿಯೇ ಕಾರಣವಿರಬೇಕೆಂದು ಜನ ಊಹಿಸುತ್ತಾರೆ. ವಾಸ್ತವವಾಗಿ ಒಗ್ಗದಿಕೆ ಬೆಳೆಯುವುದು ಬಹುಕಾಲದಿಂದ ತಿನ್ನುತ್ತಿರುವ ಆಹಾರಕ್ಕೇ. ಇದನ್ನು ರಕ್ತದಿಂದಾಗಲಿ ರೋಮದಿಂದಾಗಲಿ ನಂಬಲರ್ಹವಾಗಿ ತಿಳಿಯುವ ಪರೀಕ್ಷೆ ಇಲ್ಲ. ಇರುವುದೊಂದೇ ಮಾರ್ಗ: ನಾಯಿ ಹಿಂದೆಂದೂ ತಿಂದಿರದ ಒಂದು ಪ್ರೋಟೀನನ್ನಾಗಲಿ, ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದು ಮಾಡಿದ ವಿಶೇಷ ಆಹಾರವನ್ನಾಗಲಿ ಎಂಟು ವಾರ ಕೊಟ್ಟು, ಗುಣ ಕಂಡರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ತುರಿಕೆ ಮರಳುವುದೇ ಎಂದು ನೋಡುವುದು. ಈ ಎರಡನೆಯ ಭಾಗವಿಲ್ಲದೆ ಪ್ರಯೋಗ ಪೂರ್ಣವಾಗದು. ಋತು ಬದಲಾದುದರಿಂದಲೂ ಗುಣವಾಗಿರಬಹುದಲ್ಲವೇ? ಎಂಟು ವಾರ ಎಂದರೆ ಎಂಟು ವಾರವೇ. ಅಜ್ಜಿ ಮರುಕದಿಂದ ಹಾಕುವ ಒಂದು ಬಿಸ್ಕತ್ತು ಸಾಕು, ಲೆಕ್ಕ ಕೆಡುತ್ತದೆ. ಬೆಳೆಯುವ ಮರಿಗೆ ಸುಣ್ಣದಂಶವೂ ಇತರ ಪೋಷಕಾಂಶಗಳೂ ತಪ್ಪಬಾರದಾದ್ದರಿಂದ ಮನೆಯ ಅಡುಗೆಯಿಂದ ಈ ಪ್ರಯೋಗ ನಡೆಸುವವರು ವೈದ್ಯರ ಸಲಹೆ ಪಡೆಯಬೇಕು.

ಇವೆಲ್ಲವನ್ನೂ ಕಳೆದಮೇಲೂ ತುರಿಕೆ ಉಳಿದರೆ ಅದು ಬಹುಶಃ ಪರಿಸರದ ವಸ್ತುಗಳಿಗೆ ಸಂಬಂಧಿಸಿದ ವಂಶಾನುಗತವಾದ ಒಗ್ಗದಿಕೆ. ಸಾಮಾನ್ಯವಾಗಿ ಆರು ತಿಂಗಳಿನಿಂದ ಮೂರು ವರ್ಷದೊಳಗೆ ಇದು ತಲೆದೋರುತ್ತದೆ. ಪಾದ, ಮುಖ, ಕಿವಿ, ಕಂಕುಳು, ಹೊಟ್ಟೆಯ ಅಡಿ ಇವು ಇದರ ಸ್ಥಳಗಳು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಬುಲ್‌ಡಾಗ್ ಮೊದಲಾದ ತಳಿಗಳಲ್ಲಿ ಹೆಚ್ಚು. ಮೊದಲನೆಯ ದೋಷ ಚರ್ಮದಲ್ಲಿಯೇ ಇರುತ್ತದೆ. ಹೊರಚರ್ಮವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಿದರೆ, ಇಟ್ಟಿಗೆಗಳ ನಡುವಣ ಕೊಬ್ಬಿನ ಗಾರೆ ಈ ನಾಯಿಗಳಲ್ಲಿ ಸಡಿಲ. ಒಳಗಿನ ನೀರು ಹೊರಕ್ಕೆ ಆರಿಹೋಗುತ್ತದೆ, ಹೊರಗಿನ ಧೂಳು ಪರಾಗಗಳ ಪ್ರೋಟೀನುಗಳು ಒಳಕ್ಕೆ ನುಸುಳುತ್ತವೆ. ದೇಹವು ಅವನ್ನು ಶತ್ರುಗಳೆಂದು ಬಗೆದು ಇಮ್ಯುನೊಗ್ಲಾಬ್ಯುಲಿನ್-ಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಮನುಷ್ಯನಲ್ಲಿ ಇದನ್ನು ೧೯೬೬–೬೭ರ ಸುಮಾರಿನಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಷಿಜಾಕ ದಂಪತಿಗಳೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನಿಕ್ ಅವರೂ ಬೇರೆಬೇರೆಯಾಗಿ ಕಂಡುಹಿಡಿದರು. ಈ ಪ್ರತಿಕಾಯಗಳು ಚರ್ಮದ ಮಾಸ್ಟ್ ಕೋಶಗಳ ಮೇಲೆ ಕುಳಿತು ಕಾಯುತ್ತಿರುತ್ತವೆ. ಧೂಳು ಮತ್ತೆ ತಾಕಿದಾಗ ಆ ಕೋಶಗಳು ಒಡನೆಯೇ ಹಿಸ್ಟಮೀನ್ ಮೊದಲಾದ ವಸ್ತುಗಳನ್ನು ಚೆಲ್ಲುತ್ತವೆ. ಬೇರೆ ಬಿಳಿಯ ರಕ್ತಕಣಗಳು ಇಂಟರ್‌ಲ್ಯೂಕಿನ್-೩೧ ಎಂಬ ಪ್ರೋಟೀನನ್ನು ಸುರಿಸಿ ತುರಿಕೆಯ ನರತಂತುಗಳನ್ನು ನೇರವಾಗಿಯೇ ಕೆರಳಿಸುತ್ತವೆ. ನಾಯಿಯ ತುರಿಕೆಯಲ್ಲಿ ಹಿಸ್ಟಮೀನಿನ ಪಾತ್ರ ಅಷ್ಟು ದೊಡ್ಡದಲ್ಲ. ಮನುಷ್ಯರ ಪಿತ್ತಗಂದೆಗೆ ಕೊಡುವ ಹಿಸ್ಟಮೀನ್‌ರೋಧಕ ಮಾತ್ರೆ ನಾಯಿಯಲ್ಲಿ ಅನೇಕ ವೇಳೆ ಸೋಲುವುದು ಇದರಿಂದಲೇ.

ಧೂಳಿನಲ್ಲಿ ಅಪರಾಧಿ ಯಾರು? ಹಾಸಿಗೆಗಳಲ್ಲಿ ಉದುರಿದ ಚರ್ಮದ ಹೊಟ್ಟನ್ನು ತಿಂದು ಬದುಕುವ, ಸುಮಾರು ೦.೩ ಮಿಲಿಮೀಟರ್ ಉದ್ದದ ಧೂಳುನುಸಿ. ಇದು ನೀರು ಕುಡಿಯುವುದಿಲ್ಲ, ಗಾಳಿಯ ಆವಿಯನ್ನೇ ಹೀರಿಕೊಳ್ಳುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡ ೫೦ಕ್ಕಿಂತ ಬಹುಕಾಲ ಕೆಳಗಿದ್ದರೆ ಒಣಗಿ ಸಾಯುತ್ತದೆ. ಮಂಗಳೂರಿನ ಮಳೆಗಾಲ ಇದಕ್ಕೆ ಸ್ವರ್ಗ. ರಾಯಚೂರಿನ ಬೇಸಿಗೆ ನರಕ. ಇಲ್ಲಿ ಭೌತವಿಜ್ಞಾನ ನಮ್ಮ ನೆರವಿಗೆ ಬರುತ್ತದೆ. ೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಶೇಕಡ ೮೦ ಆರ್ದ್ರತೆಯುಳ್ಳ ಗಾಳಿಯನ್ನು, ಅದರಲ್ಲಿನ ಆವಿಯನ್ನು ಕಿಂಚಿತ್ತೂ ತೆಗೆಯದೆ, ೪೦ ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಸುಮಾರು ೩೪ಕ್ಕೆ ಇಳಿಯುತ್ತದೆ. ಬಿಸಿಗಾಳಿ ಹೆಚ್ಚು ಆವಿಯನ್ನು ಹಿಡಿಯಬಲ್ಲುದಷ್ಟೆ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಿರಿಯರ ರೂಢಿ ಮಾಡುವುದು ಇದನ್ನೇ. ಆದರೆ ಸತ್ತ ನುಸಿಯೂ ಅದರ ಹಿಕ್ಕೆಯೂ ತುರಿಕೆ ತರುವುದರಿಂದ ಕೊಡವುವುದೂ, ವಾರಕ್ಕೊಮ್ಮೆ ೬೦ ಡಿಗ್ರಿಯ ಬಿಸಿನೀರಿನಲ್ಲಿ ಒಗೆಯುವುದೂ ಜೊತೆಗೂಡಬೇಕು.

ನಾಯಿಯ ಮೈಯನ್ನೂ ತೊಳೆಯಬೇಕು. ಪ್ರೋಟೀನುಗಳು ಮುಖ್ಯವಾಗಿ ಚರ್ಮದ ಮೂಲಕವೇ ಒಳಹೊಗುವುದರಿಂದ ಸ್ನಾನವೆಂಬುದು ಇಲ್ಲಿ ಔಷಧ. ನೀರು ಉಗುರುಬೆಚ್ಚಗಿಂತ ಬಿಸಿಯಾಗಿರಬಾರದು. ಶಾಖ ತುರಿಕೆಯನ್ನು ಹೆಚ್ಚಿಸುತ್ತದೆ. ಮನುಷ್ಯರ ಸಾಬೂನು ಬೇಡ. ನಮ್ಮ ಚರ್ಮ ಆಮ್ಲೀಯ, ನಾಯಿಯದು ತಟಸ್ಥಕ್ಕೆ ಸಮೀಪ. ವೈದ್ಯರು ಹೇಳಿದ ಷಾಂಪೂವನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದು, ಬೆರಳುಸಂದುಗಳನ್ನು ಚೆನ್ನಾಗಿ ಒರೆಸಬೇಕು. ತಿರುಗಾಟದಿಂದ ಬಂದೊಡನೆ ಪಾದಗಳನ್ನು ತೊಳೆಯುವುದಂತೂ ಯಾರಿಗೂ ಭಾರವಲ್ಲ. ಪಾರ್ಥೇನಿಯಂ ಗಿಡ ಮನುಷ್ಯರ ಚರ್ಮಕ್ಕೆ ಒಗ್ಗದೆಂಬುದು ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲ ವಿಷಯ. ಅದು ಬೆಳೆದ ಬಯಲಿನಿಂದ ಇಂತಹ ನಾಯಿಯನ್ನು ದೂರವಿಡುವುದು ಲೇಸು.

ಔಷಧಗಳ ಮಾತು. ಸ್ಟೀರಾಯ್ಡು ತುರಿಕೆಯನ್ನು ಶೀಘ್ರವಾಗಿ ಅಡಗಿಸುತ್ತದೆ, ಬೆಲೆಯೂ ಕಡಿಮೆ. ಕೆಲವು ದಿನಗಳ ಮಟ್ಟಿಗೆ ಅದು ಉತ್ತಮ ಮಿತ್ರ. ತಿಂಗಳುಗಟ್ಟಲೆ ಕೊಟ್ಟರೆ ಬಾಯಾರಿಕೆ, ಹಸಿವು, ಬೊಜ್ಜು, ಸೋಂಕು ಇವೆಲ್ಲವೂ ಹಿಂಬಾಲಿಸುತ್ತವೆ. ಬಹುದಿನ ಕೊಟ್ಟುದನ್ನು ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಒಕ್ಲಾಸಿಟಿನಿಬ್ ಎಂಬ ಮಾತ್ರೆಗೆ ೨೦೧೩ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂಟರ್‌ಲ್ಯೂಕಿನ್-೩೧ ಮೊದಲಾದವುಗಳ ಸಂದೇಶ ಜೀವಕೋಶದೊಳಗೆ ಮುಂದುವರಿಯದಂತೆ ಅದು ತಡೆಯುತ್ತದೆ. ಆದರೆ ಹನ್ನೆರಡು ತಿಂಗಳು ತುಂಬದ ನಾಯಿಗೆ ಅದನ್ನು ಕೊಡತಕ್ಕದ್ದಲ್ಲ. ಲೋಕಿವೆಟ್‌ಮ್ಯಾಬ್ ಎಂಬ ಚುಚ್ಚುಮದ್ದು ಇಂಟರ್‌ಲ್ಯೂಕಿನ್-೩೧ನ್ನೇ ಹಿಡಿದುಹಾಕುವ ಪ್ರತಿಕಾಯ. ಒಂದು ಬಾರಿಯ ಪರಿಣಾಮ ಸುಮಾರು ಒಂದು ತಿಂಗಳು. ಇವೆರಡೂ ದುಬಾರಿಯಾದವು, ಇವುಗಳಿಂದ ರೋಗ ವಾಸಿಯಾಗುವುದೂ ಇಲ್ಲ. ರೋಗದ ಮೂಲವನ್ನೇ ಬದಲಿಸಲೆತ್ನಿಸುವುದು ಇನ್ನೊಂದು ವಿಧಾನ: ಒಗ್ಗದ ವಸ್ತುವನ್ನೇ ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುತ್ತ ಚುಚ್ಚಿ, ದೇಹವನ್ನು ಅದಕ್ಕೆ ಒಗ್ಗಿಸುವುದು. ೧೯೧೧ರಲ್ಲಿ ಲಂಡನ್ನಿನ ಲೆನರ್ಡ್ ನೂನ್ ಪರಾಗಜ್ವರದ ರೋಗಿಗಳಲ್ಲಿ ಇದನ್ನು ಪ್ರಯೋಗಿಸಿದನು. ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇದರಿಂದ ಗುಣ ಕಂಡಿದೆ. ಆದರೆ ಫಲವನ್ನು ನಿರ್ಣಯಿಸಲು ಒಂದು ವರ್ಷ ಕಾಯಬೇಕು. ಎಳೆಯ ನಾಯಿಗೆ ಮುಂದೆ ಹತ್ತು ವರ್ಷಗಳ ಬಾಳಿರುವುದರಿಂದ ಈ ಕಾಯುವಿಕೆ ವ್ಯರ್ಥವಲ್ಲವೆಂದು ನನ್ನ ಅಭಿಪ್ರಾಯ.

ಈ ಎಲ್ಲ ಉಪಚಾರಗಳ ನಡುವೆ ಮೊತ್ತ ಇಳಿಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ನೆನಪನ್ನು ನಂಬಬಾರದು, ನಿನ್ನೆ ರಾತ್ರಿ ನಿದ್ರೆಗೆಟ್ಟವನಿಗೆ ಕಳೆದ ತಿಂಗಳೆಲ್ಲವೂ ಕೆಟ್ಟದಾಗಿಯೇ ತೋರುತ್ತದೆ. ಪ್ರತಿದಿನ ಸಂಜೆ ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಟ್ಟು ಬರೆದಿಡಬೇಕು: ಸೊನ್ನೆ ಎಂದರೆ ಸ್ವಸ್ಥ ನಾಯಿಯಷ್ಟು, ಹತ್ತು ಎಂದರೆ ಊಟ ಆಟಗಳ ನಡುವೆಯೂ ಬಿಡದ ಕೆರೆತ. ಅಂಕವನ್ನು ಮನೆಯ ಒಬ್ಬರೇ ಕೊಡುವುದು ಮೇಲು. ಪಕ್ಕದಲ್ಲಿ ಆ ದಿನದ ಸ್ನಾನ, ಔಷಧ, ಆಹಾರ, ಮಳೆ ಇವನ್ನೂ ಗುರುತಿಸಬೇಕು. ಕೆಲಸವನ್ನು ಮನೆಯ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ರೇಖಾಚಿತ್ರ ಕಾಗದದ ಒಂದು ಹಾಳೆ ಸಾಕು. ಎಂಟು ವಾರಗಳ ಅಂತಹ ಒಂದು ಹಾಳೆಯನ್ನು ಮುಂದಿಟ್ಟರೆ ವೈದ್ಯರು ಚಿಗಟದ ಔಷಧದ ಅವಧಿ ಮುಗಿದ ವಾರವನ್ನೂ, ಮುಂಗಾರು ಹಿಡಿದ ವಾರವನ್ನೂ, ಅಜ್ಜಿಯ ಬಿಸ್ಕತ್ತಿನ ದಿನವನ್ನೂ ಅದರಲ್ಲಿಯೇ ಓದಿಕೊಳ್ಳುವರು.